ಬೀಗ ಬಯಲಲ್ಲಿ, ಕೀಲಿಕೈ ಗುಟ್ಟಿನಲ್ಲಿ

ಒಂದು ತಲೆಮಾರಿನ ಹಿಂದೆ ಕಬ್ಬಿಣದ ಬೀರುವಿನಲ್ಲಿರುತ್ತಿದ್ದ ಕಾಗದಪತ್ರಗಳು ಇಂದು ಬೆರಳುದ್ದದ ಪೆನ್‌ಡ್ರೈವಿನಲ್ಲಿವೆ. ಊರಿನ ಜಮೀನಿನ ಪಹಣಿ, ಪಿಂಚಣಿ ಆದೇಶ, ತಂದೆಯವರ ಹಸ್ತಾಕ್ಷರದ ಛಾಯಾಪ್ರತಿ. ಊರು ಬಿಟ್ಟು ಚೆನ್ನೈಯಂತಹ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬದ ಅರ್ಧ ಚರಿತ್ರೆಯೇ ಅದರಲ್ಲಿ ಅಡಗಿರುತ್ತದೆ. ಅದಕ್ಕೆ ಹಾಕುವ ಬೀಗವನ್ನು ಯಾವ ಆಧಾರದ ಮೇಲೆ ನಂಬಬೇಕು? ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದರ ಎರಡು ಅಧ್ಯಾಯಗಳು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ರಚಿತವಾದವು.

1883ರಲ್ಲಿ ಅಗಸ್ಟ್ ಕೆರ್ಕಾಫ್ಸ್ ಎಂಬ ಡಚ್ ಮೂಲದ ಭಾಷಾ ಅಧ್ಯಾಪಕರು ಸೈನಿಕ ಗೂಢಲಿಪಿಯನ್ನು ಕುರಿತು ಫ್ರೆಂಚಿನಲ್ಲಿ ಲೇಖನ ಬರೆದರು. ಗೂಢಲಿಪಿಯ ವಿಧಾನ ಶತ್ರುವಿನ ಕೈಸೇರಿದರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದುದು ಕೀಲಿಕೈ ಮಾತ್ರ ಎಂಬುದು ಅವರ ತತ್ತ್ವ. 2001ರಲ್ಲಿ ಅಮೆರಿಕ ಅಂಗೀಕರಿಸಿದ ಎಇಎಸ್ ಗೂಢಲೇಖನ ಕ್ರಮವೂ ಇದೇ ಹಾದಿಯಲ್ಲಿ, ಜಗತ್ತಿನ ತಜ್ಞರೆಲ್ಲರ ಎದುರು ನಡೆದ ಬಹಿರಂಗ ಸ್ಪರ್ಧೆಯಲ್ಲಿ ಆಯ್ಕೆಯಾಯಿತು.

ಪೆನ್‌ಡ್ರೈವ್ ಬೆಳೆದ ದಾರಿಯೇ ಬೇರೆ. 2000ದ ಕೊನೆಯಲ್ಲಿ ಐಬಿಎಂ ಮಾರಾಟಕ್ಕಿಟ್ಟ ಡಿಸ್ಕ್‌ಆನ್‌ಕೀ ಸಾಧನದ ಧಾರಣಶಕ್ತಿ ಕೇವಲ 8 ಎಂಬಿ. ಧಾರಣಶಕ್ತಿ ಸಾವಿರಾರು ಪಟ್ಟು ಹೆಚ್ಚಿತಾದರೂ ಒಳಗಿನ ನಿಯಂತ್ರಕ ಚಿಪ್ಪು ಏನು ಮಾಡುತ್ತಿದೆಯೆಂಬುದು ಬಳಕೆದಾರನಿಗೆ ಕಾಣದಾಯಿತು. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಈ ಚಿಪ್ಪಿನ ತಂತ್ರಾಂಶವನ್ನು ತಿದ್ದಿ, ಪೆನ್‌ಡ್ರೈವ್ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಂಡು ಕಂಪ್ಯೂಟರಿಗೆ ಆಜ್ಞೆಗಳನ್ನು ಕೊಡುವಂತೆ ಮಾಡಿ ತೋರಿಸಿದರು.

ಇದಕ್ಕೂ ಬಹಳ ಮೊದಲೇ ಬೆಂಗಳೂರಿನಲ್ಲಿ ಬೇರೊಂದು ಚಿಂತನೆ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಯಂತ್ರ ಊರಿಗೆಲ್ಲ ಒಂದೇ ಇರಲಿ, ಪ್ರತಿಯೊಬ್ಬರ ವಿವರ ಮಾತ್ರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ, ಅವರವರ ಜೇಬಿನಲ್ಲಿ ಇರಲಿ ಎಂಬುದು ಅದರ ಹಿಂದಿನ ಕಲ್ಪನೆ. ಲಿನಕ್ಸ್ ಆಧಾರಿತ ಈ ಯಂತ್ರದ ವಿನ್ಯಾಸವನ್ನೂ ಪ್ರತ್ಯೇಕ ಪರವಾನಗಿಯಡಿ ಇತರರಿಗೆ ತೆರೆದಿಡಲಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಆದರೆ ಯಂತ್ರವನ್ನೂ ಗುಟ್ಟನ್ನೂ ಬೇರ್ಪಡಿಸಬೇಕೆಂಬ ಅದರ ವಿವೇಕ ಹಳತಾಗಿಲ್ಲ.

2015ರಲ್ಲಿ ಬ್ರಿಟನ್ನಿನಿಂದ ಐದು ಡಾಲರಿನ ರಾಸ್ಪ್‌ಬೆರಿ ಪೈ ಝೀರೋ ಬಂದಮೇಲೆ ಇಂಥ ಸಾಧನವನ್ನು ಮನೆಯಲ್ಲಿಯೇ ಕಟ್ಟುವುದು ಸಾಧ್ಯವಾಯಿತು. ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಿ ಅಡ್ಡಾಡುವವರಿಗೆ ಈ ಬಗೆಯ ಬೋರ್ಡುಗಳು ಅಪರಿಚಿತವಲ್ಲ. ಒಂದೇ ಹಲಗೆಯ ಈ ಕಂಪ್ಯೂಟರ್, ಯುಎಸ್‌ಬಿ ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿಗೆ ತಾನೇ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳಬಲ್ಲದು. ಕಡತಗಳು ಅದರ ಮೆಮೊರಿ ಕಾರ್ಡಿನಲ್ಲಿ ಲಿನಕ್ಸಿನ ಲಕ್ಸ್ ವ್ಯವಸ್ಥೆಯಿಂದ ಗೂಢೀಕೃತವಾಗಿರುತ್ತವೆ. ಒಡೆಯನು ಗುಪ್ತಪದ ಕೊಟ್ಟ ಬಳಿಕವೇ ಭಂಡಾರ ತೆರೆಯುತ್ತದೆ. ವಿದ್ಯುತ್ ಕಡಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅಪರಿಚಿತ ಕಂಪ್ಯೂಟರಿಗೆ ಜೋಡಿಸುವಾಗ ಓದಲು ಮಾತ್ರ ಅವಕಾಶವಿರುವಂತೆಯೂ ನಿಯಮಿಸಬಹುದು.

ಇಷ್ಟಾದರೂ ನಂಬಿಕೆಯ ಪ್ರಶ್ನೆ ಮುಗಿಯುವುದಿಲ್ಲ. ಪೈ ಎಚ್ಚರಗೊಳ್ಳುವಾಗ ಓಡುವ ಮೊದಲ ತಂತ್ರಾಂಶದ ಮೂಲ ಬಹಿರಂಗವಾಗಿಲ್ಲ. ಕಾರ್ಡಿನಲ್ಲಿ ಯಂತ್ರವನ್ನು ಚಾಲೂ ಮಾಡುವ ಭಾಗವೂ ಬೀಗವಿಲ್ಲದೆಯೇ ಇರುತ್ತದೆ. ಸಾಧನವನ್ನು ಕದ್ದು, ಆ ಭಾಗವನ್ನು ತಿದ್ದಿ, ಮರಳಿ ಇಟ್ಟವನು ಮುಂದಿನ ಸಲ ನಮ್ಮ ಗುಪ್ತಪದವನ್ನು ಕದಿಯಬಲ್ಲನು. ಚಿಪ್ಪಿನ ವಿನ್ಯಾಸವನ್ನೇ ಬಯಲಿಗೆ ತರುವ ಯತ್ನ ನಡೆದುದು ನಮ್ಮ ನೆರೆಯಲ್ಲಿಯೇ. ಮದ್ರಾಸ್ ಐಐಟಿಯಲ್ಲಿ ವಿ. ಕಾಮಕೋಟಿ ಅವರ ತಂಡವು 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾಕ್ರಮವನ್ನು ಆಧರಿಸಿ ಶಕ್ತಿ ಸಂಸ್ಕಾರಕವನ್ನು ರೂಪಿಸಿತು. 2018ರಲ್ಲಿ ಅದರ ಒಂದು ಚಿಪ್ಪು ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿಯೂ ಇನ್ನೊಂದು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿಯೂ ತಯಾರಾದವು. ವಿನ್ಯಾಸವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು.

ಕೆರ್ಕಾಫ್ಸರ ಕೀಲಿಕೈಯಾದರೋ ಕೊನೆಗೆ ಮನುಷ್ಯರ ಬಳಿಯಲ್ಲಿಯೇ ಉಳಿಯಿತು. ಬೀರುವಿನ ಕೀಲಿ ಕಳೆದರೆ ಕಮ್ಮಾರನಿದ್ದನು. ಸರಿಯಾಗಿ ಗೂಢೀಕರಿಸಿದ ಭಂಡಾರದ ಗುಪ್ತಪದ ಒಡೆಯನೊಂದಿಗೇ ಹೋದರೆ, ಅದನ್ನು ಒಡೆದು ತೆರೆಯುವ ಕಮ್ಮಾರನಿಲ್ಲ. ಹೀಗಾಗಿ ಇಂಥ ಸಾಧನವನ್ನು ಕಟ್ಟುವವರು ಇನ್ನೆರಡು ಕೆಲಸಗಳನ್ನು ಮರೆಯಬಾರದು: ಕಡತಗಳ ಇನ್ನೊಂದು ಪ್ರತಿಯನ್ನು ಬೇರೊಂದು ಮನೆಯಲ್ಲಿಡುವುದು, ಗುಪ್ತಪದವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು ಮುಚ್ಚಿ, ನಂಬಿಕಸ್ಥರೊಬ್ಬರ ವಶಕ್ಕೆ ಕೊಡುವುದು.