ರೋಮ್ ನಗರದ ದರ್ಶನಕ್ರಮ

ರೋಮ್ ನಗರವನ್ನು ನೋಡಹೊರಡುವವರು ಮೊದಲು ದಿನಗಳನ್ನು ಹಂಚಿಕೊಳ್ಳುತ್ತಾರೆ: ಕೊಲೋಸಿಯಂ ಮತ್ತು ಫೋರಂಗಳಿಗೆ ಒಂದು ದಿನ, ವ್ಯಾಟಿಕನ್ನಿಗೆ ಮತ್ತೊಂದು ದಿನ, ಉಳಿದ ಸಮಯದಲ್ಲಿ ಕಾರಂಜಿಗಳು, ಚೌಕಗಳು, ಚರ್ಚುಗಳು. ಈ ಹಂಚಿಕೆ ಪ್ರವಾಸಿಗನ ಸ್ವಂತ ಆಯ್ಕೆಯೆಂದು ತೋರುತ್ತದೆ. ಆದರೆ ಇಲ್ಲಿ ಏನನ್ನು, ಯಾವ ದಾರಿಯಲ್ಲಿ, ಎಷ್ಟು ದಿನಗಳಲ್ಲಿ ನೋಡಬೇಕೆಂಬ ನಿರ್ಣಯಕ್ಕೆ ಏಳು ಶತಮಾನಗಳಿಗೂ ಮಿಕ್ಕ ಚರಿತ್ರೆಯಿದೆ.

1300ರಲ್ಲಿ ಪೋಪ್ ಎಂಟನೆಯ ಬೋನಿಫೇಸನು ಮೊದಲ ಜುಬಿಲಿ ವರ್ಷವನ್ನು ಘೋಷಿಸಿದನು. ಪಾಪವಿಮೋಚನೆಯನ್ನು ಬಯಸುವ ರೋಮಿನ ನಿವಾಸಿಗಳು 30 ದಿನ, ಹೊರಗಿನಿಂದ ಬಂದವರು 15 ದಿನ ಸಂತ ಪೀಟರ್ ಹಾಗೂ ಸಂತ ಪೌಲರ ಬೆಸಿಲಿಕಾಗಳನ್ನು ಸಂದರ್ಶಿಸಬೇಕೆಂದು ಅವನು ವಿಧಿಸಿದನು. ಹೀಗೆ ಪರದೇಶದ ಯಾತ್ರಿಕನ ವಾಸ್ತವ್ಯಕ್ಕೆ ಒಂದು ಲೆಕ್ಕ ದೊರೆಯಿತು.

ಈ ಲೆಕ್ಕಕ್ಕೆ ದಾರಿಯ ರೂಪವನ್ನು ಕೊಟ್ಟವನು 1585ರಿಂದ 1590ರವರೆಗೆ ಪೋಪನಾಗಿದ್ದ ಐದನೆಯ ಸಿಕ್ಸ್ಟಸ್. ಮುಖ್ಯ ಚರ್ಚುಗಳನ್ನು ಜೋಡಿಸುವ ನೇರ ಬೀದಿಗಳನ್ನು ಅವನು ತೆರೆಸಿದನು. ವಾಸ್ತುಶಿಲ್ಪಿ ಡೊಮೆನಿಕೊ ಫೊಂಟಾನಾನ ಮೂಲಕ 1586ರಲ್ಲಿ ಸಂತ ಪೀಟರ್ ಬೆಸಿಲಿಕಾದ ಮುಂದೆ, ಅನಂತರದ ಮೂರು ವರ್ಷಗಳಲ್ಲಿ ಸಾಂತಾ ಮರಿಯಾ ಮಜೋರೆ, ಲ್ಯಾಟೆರನ್ ಮತ್ತು ಪಿಯಾತ್ಸಾ ದೆಲ್ ಪೊಪೊಲೊಗಳಲ್ಲಿ ಪುರಾತನ ಏಕಶಿಲಾಸ್ತಂಭಗಳನ್ನು ನಿಲ್ಲಿಸಿದನು. ದೂರದಿಂದ ಬರುವ ಯಾತ್ರಿಕನಿಗೆ ಅವೇ ದಿಕ್ಸೂಚಿಗಳಾದವು. ಆದರೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಾಲದ ಸೆಪ್ಟಿಜೋಡಿಯಂ ಎಂಬ ಭವ್ಯ ಕಟ್ಟಡವನ್ನು ಕೆಡವಿಸಿ, ಅದರ ಕಲ್ಲುಗಳನ್ನು ತನ್ನ ನಿರ್ಮಾಣಗಳಿಗೆ ಬಳಸಿಕೊಂಡವನೂ ಇವನೇ. ಒಂದನ್ನು ಕಾಣಿಸುವ ಕಾರ್ಯದೊಡನೆ ಮತ್ತೊಂದನ್ನು ಅಳಿಸುವ ಕಾರ್ಯವೂ ನಡೆಯಿತು.

1763ರಲ್ಲಿ ಜುಸೆಪ್ಪೆ ವಾಸಿ ಇಡೀ ನಗರವನ್ನು ಎಂಟು ದಿನಗಳ ನಡಿಗೆಯಾಗಿ ವಿಂಗಡಿಸಿದ ಮಾರ್ಗದರ್ಶಿಯನ್ನು ಪ್ರಕಟಿಸಿದನು. ಇಂದಿನ ದಿನವಹಿ ಪಟ್ಟಿಗಳ ಪೂರ್ವಜರ ಸಾಲಿಗೆ ಅದು ಸೇರುತ್ತದೆ.

ಪಿಯಾತ್ಸಾ ವೆನೆತ್ಸಿಯಾದಿಂದ ಕೊಲೋಸಿಯಂಗೆ ಹೋಗುವ ವಿಶಾಲ ರಸ್ತೆಯನ್ನು ಪ್ರವಾಸಿಗರು ಪ್ರಾಚೀನ ರೋಮಿನ ಹೆಬ್ಬಾಗಿಲೆಂದೇ ಭಾವಿಸುತ್ತಾರೆ. ಅದು ತೆರೆದದ್ದು 1932ರಲ್ಲಿ. ಮುಸ್ಸೋಲಿನಿಯ ಆಡಳಿತವು ಅದಕ್ಕಾಗಿ ಜನವಸತಿಯ ಕೇರಿಗಳನ್ನು ನೆಲಸಮಮಾಡಿ, ಅಲ್ಲಿದ್ದವರಲ್ಲಿ ಅನೇಕರನ್ನು ನಗರದ ಹೊರವಲಯಕ್ಕೆ ಸಾಗಿಸಿತು. ಆ ರಸ್ತೆಯ ಆರಂಭದಲ್ಲೇ ಇರುವ ಎರಡನೆಯ ವಿಕ್ಟರ್ ಇಮ್ಯಾನ್ಯುಯೆಲನ ಬಿಳಿಯ ಸ್ಮಾರಕ 1885ರಲ್ಲಿ ಆರಂಭವಾದದ್ದು. ಅದಕ್ಕಾಗಿ ಪಕ್ಕದ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನ ಮಠವನ್ನು ಕೆಡವಲಾಯಿತು. ಚರ್ಚು ಉಳಿಯಿತಾದರೂ ಸ್ಮಾರಕದ ಮರೆಗೆ ಸರಿಯಿತು.

ಕನ್ನಡದ ಅಭ್ಯಾಸಿಗಳಿಗೆ ಈ ಚರ್ಚು ಮುಖ್ಯವಾದುದು. ಸಿಕ್ಸ್ಟಸನ ಮೊದಲ ಸ್ತಂಭ ನಿಂತ 1586ರಲ್ಲೇ ರೋಮಿನಲ್ಲಿ ಹುಟ್ಟಿದ ಪಿಯೆತ್ರೊ ದೆಲ್ಲಾ ವಾಲ್ಲೆಯ ಸಮಾಧಿ ಇಲ್ಲಿಯದು. 1623ರಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡವನು ಇವನು. ಜೈನ ಚೌಟ ಮನೆತನದ ಉಳ್ಳಾಲದ ರಾಣಿಯನ್ನೂ ಭೇಟಿಯಾದನು. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಬಾಲಕರು ಮರಳಿನಲ್ಲಿ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನ ಪತ್ರವೊಂದು ವರ್ಣಿಸುತ್ತದೆ. ಕೆಳದಿಯ ಇತಿಹಾಸಕ್ಕೆ ಆ ಪತ್ರಗಳು ಸಮಕಾಲೀನ ಆಕರಗಳು. ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿ ಮಾನಿಯ ದೇಹವನ್ನು ಸಂರಕ್ಷಿಸಿ, ಈ ಯಾತ್ರೆಯುದ್ದಕ್ಕೂ ಜೊತೆಯಲ್ಲೇ ಹೊತ್ತು ತಂದು, 1627ರಲ್ಲಿ ಅರಾಚೇಲಿಯಲ್ಲಿ ಸಮಾಧಿ ಮಾಡಿದನು. 1652ರಲ್ಲಿ ತೀರಿಕೊಂಡ ಅವನೂ ಅಲ್ಲಿಯೇ ಸೇರಿದನು.

ಜುಬಿಲಿ ಯಾತ್ರಿಕರ ದಾರಿಗಳಾಗಲಿ ಮುಸ್ಸೋಲಿನಿಯ ರಸ್ತೆಯಾಗಲಿ ಅವರವರ ಪ್ರಯೋಜನಕ್ಕೆ ತಕ್ಕಂತೆ ರೂಪುಗೊಂಡವು. ಕನ್ನಡ ನಾಡಿನಿಂದ ರೋಮಿಗೆ ಹೋಗುವವರ ಪಟ್ಟಿಯೂ ಅವರ ಪ್ರಶ್ನೆಗಳಿಂದ ರೂಪುಗೊಳ್ಳಬಹುದು. ಕೊಲೋಸಿಯಂನತ್ತ ನಡೆಯುವ ಮುನ್ನ, 1348ರಲ್ಲಿ ಕಟ್ಟಿದ ಅರಾಚೇಲಿಯ ಕಡಿದಾದ ಮೆಟ್ಟಿಲುಗಳನ್ನು ಹತ್ತಲು ಒಂದು ಗಂಟೆಯನ್ನು ತೆಗೆದಿರಿಸಿದರೆ ಸಾಕು. ಇಕ್ಕೇರಿಯನ್ನು ಕಂಡು ಬರೆದವನ ವಿಶ್ರಾಂತಿಸ್ಥಾನ ಆ ಮೆಟ್ಟಿಲುಗಳ ಮೇಲಿದೆ.