ಹೆಣ್ಣು ನೋಡೋ ಶಾಸ್ತ್ರದಿಂದ ವಿಡಿಯೋ ಕಾಲ್ ತನಕ



ಸಂಘದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಹೋರಾಟದ ಇತಿಹಾಸ, ಭೂಮಿಯ ಇತಿಹಾಸ ಬರೆಯುವವರು ಬೇರೆ ಇದ್ದಾರೆ. ನಾನು ಆರಿಸಿಕೊಂಡಿರುವುದು ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಹೆಣ್ಣು ಗಂಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಇತಿಹಾಸವನ್ನು. ನಗಬೇಡ್ರಿ. ಬಾಬಾಸಾಹೇಬರು 1916ರ ಮೇ ತಿಂಗಳಲ್ಲಿ, ಇನ್ನೂ 25 ವಯಸ್ಸಿನ ವಿದ್ಯಾರ್ಥಿಯಾಗಿದ್ದಾಗಲೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಬೇರು ಎಲ್ಲಿದೆ ಅಂತ ತೋರಿಸಿಕೊಟ್ಟರು: ತನ್ನ ಗುಂಪಿನೊಳಗೇ ಮದುವೆ ಆಗಬೇಕೆಂಬ ಕಟ್ಟಳೆಯಲ್ಲಿ. ಇಪ್ಪತ್ತು ವರ್ಷದ ಮೇಲೆ, 1936ರಲ್ಲಿ, 'ಜಾತಿ ವಿನಾಶ'ದಲ್ಲಿ ಅದಕ್ಕೆ ನಿಜವಾದ ಮದ್ದು ಅಂತರ್ಜಾತಿ ವಿವಾಹ ಅಂದರು. ಹಂಗಾಗಿ ಯಾರು ಯಾರನ್ನ ನೋಡ್ತಾರೆ, ಹೆಂಗೆ ನೋಡ್ತಾರೆ ಅನ್ನೋದು ಚಿಲ್ಲರೆ ಮಾತಲ್ಲ.

ನಮ್ಮ ಹಾಲಹರವಿ ಕಡೆ ಹಿಂದೆ ನೋಡುವುದೇ ಕಡಿಮೆ ಇತ್ತು. ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ, ಇಷ್ಟರೊಳಗೇ ಮುಗಿಯುತ್ತಿತ್ತು. ಹೊರಗೆ ಹೋದರೂ ಆಲೂರು, ಆದೋನಿ, ಸಿರುಗುಪ್ಪ, ಬಳ್ಳಾರಿ ದಾಟುತ್ತಿರಲಿಲ್ಲ. ಇವೆಲ್ಲ ಒಂದು ಕಾಲಕ್ಕೆ ಮದರಾಸು ಪ್ರಾಂತದ ಒಂದೇ ಬಳ್ಳಾರಿ ಜಿಲ್ಲೆ ಅನ್ನೋದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಸಿರುಗುಪ್ಪ, ಬಳ್ಳಾರಿ ಮೈಸೂರಿಗೆ ಹೋದವು. ಗಡಿ ಬಿತ್ತು, ಬೀಗತನ ನಿಲ್ಲಲಿಲ್ಲ. ಆ ಕಡೆಯವರು ಬೆಡಗು ಕೇಳುತ್ತಾರೆ, ಈ ಕಡೆ ತೆಲುಗು ಮಾತಾಡೋರು ಇಂಟಿಪೇರು ಕೇಳುತ್ತಾರೆ. ಕೇಳುವ ಉದ್ದೇಶ ಮಾತ್ರ ಒಂದೇ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಾಕ್ಕೆ. 1976ರಲ್ಲಿ ಲಾಸ್ ಏಂಜಲೀಸಿನಲ್ಲಿ ಜೆಫ್ರಿ ಉಲ್ಮನ್ ಎಂಬ ಯುವಕ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಅಂತ ಒಂದು ಕಂಪನಿ ತೆರೆದ. ಅದೇ ವಿಡಿಯೋ ಡೇಟಿಂಗ್‌ನ ಮೊದಲ ದೊಡ್ಡ ಅಂಗಡಿ. ಸದಸ್ಯರಾದವರು ಕ್ಯಾಮೆರಾ ಮುಂದೆ ಕೂತು ತಮ್ಮ ಬಗ್ಗೆ ನಾಲ್ಕು ಮಾತು ಆಡಬೇಕು. ಆ ಟೇಪು ಗ್ರಂಥಾಲಯದ ಪುಸ್ತಕದ ಹಾಗೆ ಕಪಾಟಿನಲ್ಲಿ ಇರುತ್ತಿತ್ತು. ಬೇರೆಯವರು ಬಂದು, ವಿವರ ಓದಿ, ಟೇಪು ಹಾಕಿಸಿಕೊಂಡು ನೋಡಿ, ಇಂಥವರು ಇಷ್ಟ ಅಂದರೆ, ಆ ಇನ್ನೊಬ್ಬರನ್ನು ಕರೆಸಿ ಇವರ ಟೇಪು ತೋರಿಸುತ್ತಿದ್ದರು. ಇಬ್ಬರೂ ಒಪ್ಪಿದರೆ ಮಾತ್ರ ಪೂರ್ತಿ ಹೆಸರು, ಫೋನ್ ನಂಬರು ಕೊಡುತ್ತಿದ್ದರು. ಆ ಕಡೆ ಈ ಕಡೆ ಎರಡೂ ಒಪ್ಪಿಗೆ ಅನ್ನೋ ಈ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಹೆಣ್ಣು ನೋಡೋ ಶಾಸ್ತ್ರದಾಗ ಹುಡುಗಿ ತಲೆ ತಗ್ಗಿಸಿ ಚಹಾ ಕೊಟ್ಟು ಒಳಗೆ ಹೋಗ್ತಾಳೆ. ಒಪ್ಪಿಗೆ ಕೇಳೋದು ಗಂಡಿನ ಕಡೆಯೋರನ್ನ. ದುಡ್ಡು ಇದ್ದವರ ಆಟ ಅದು, ನಿಜ. ಆದರೆ ನಿಯಮ ನಮ್ಮದಕ್ಕಿಂತ ನೆಟ್ಟಗಿತ್ತು.

ನಮ್ಮ ದೇಶದಲ್ಲಿ ಪತ್ರಿಕೆಯ ವಧೂವರರ ಕಾಲಂ ಮೊದಲಾಯಿತು. ಆಮೇಲೆ 1990ರ ದಶಕದ ಕೊನೆಗೆ ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮನಿ ಬಂದವು. ಕನ್ನಡದವರಿಗೇ ಅಂತ ಕನ್ನಡ ಮ್ಯಾಟ್ರಿಮನಿಯೂ ಬಂತು. ತಂತ್ರ ಹೊಸದು, ಮೊದಲ ಪ್ರಶ್ನೆ ಹಳೆಯದು: ಜಾತಿ ಯಾವುದು, ಉಪಜಾತಿ ಯಾವುದು. ಪತ್ರಿಕೆಯ ಜಾಹೀರಾತುಗಳಲ್ಲಿ 'ಜಾತಿ ಅಡ್ಡಿಯಿಲ್ಲ' ಅಂತ ದೊಡ್ಡದಾಗಿ ಹಾಕಿ, ಪಕ್ಕದಲ್ಲೇ 'ಎಸ್‌ಸಿ, ಎಸ್‌ಟಿ ಹೊರತುಪಡಿಸಿ' ಅಂತ ಬರೆದಿದ್ದನ್ನು ನೀವೂ ನೋಡಿರಬಹುದು. ಅಡ್ಡಿಯಿಲ್ಲ ಅಂದಿದ್ದು ಯಾರಿಗೆ ಹಂಗಾದ್ರೆ? 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲೂ ಅಂತರ್ಜಾತಿ ಮದುವೆ ಆದವರು ಸುಮಾರು ಶೇ. 5 ಮಾತ್ರ.

ಡೇಟಿಂಗ್ ಆ್ಯಪ್‌ಗಳು ಬಂದಾಗ ಕೆಲವರು ಆಸೆ ಪಟ್ಟರು. 2012ರಲ್ಲಿ ಶುರುವಾದ ಟಿಂಡರ್ ಜಾತಿ ಕೇಳುವುದಿಲ್ಲ. ಫೋಟೋ ನೋಡಿ ಬೆರಳಲ್ಲಿ ಆ ಕಡೆ ಇಲ್ಲ ಈ ಕಡೆ ಸರಿಸಿದರೆ ಆಯಿತು. ಆದರೆ ಫೋಟೋ ಯಾರದ್ದಾದರೂ ಇರಬಹುದು, ಹೆಸರು ಸುಳ್ಳಾಗಬಹುದು, ದುಡ್ಡು ಕಿತ್ತುಕೊಂಡು ಮಾಯ ಆಗೋರೂ ಇದ್ದಾರೆ. ನಮ್ಮ ಹಳ್ಳಿಗಳಿಗೆ ನಿಜವಾದ ಬದಲಾವಣೆ ಬಂದಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ ಬಂದ ಮೇಲೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದ ನಮ್ಮವರು ವಿಡಿಯೋ ಕಾಲ್ ಕಲಿತಿದ್ದು ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಮುಖ ನೋಡೋಕೆ. ಅದೇ ದಾರಿಯಲ್ಲಿ ಹೆಣ್ಣು ಗಂಡು ನೋಡುವುದೂ ಬಂತು. ಬಂಬಲ್ 2019ರಲ್ಲೇ ವಿಡಿಯೋ ಕಾಲ್ ಕೊಟ್ಟಿತ್ತು. 2020ರ ಕೊರೋನಾದಲ್ಲಿ ಟಿಂಡರ್, ಶಾದಿ ಡಾಟ್ ಕಾಮ್‌ಗಳೂ ಕೊಟ್ಟವು. ಟಿಂಡರ್‌ನಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ಕಾಲ್ ತೆರೆಯುತ್ತದೆ. ಉಲ್ಮನ್ನನ ಹಳೇ ಕಪಾಟಿನ ನಿಯಮವೇ ಸುತ್ತಿಕೊಂಡು ಬಂತು ನೋಡ್ರಿ.

ವಿಡಿಯೋದಲ್ಲಿ ಮೋಸ ಕಡಿಮೆ. ಮುಖ ಕಾಣುತ್ತದೆ, ದನಿ ಕೇಳುತ್ತದೆ, ಮಾತಾಡೋ ದಾಟಿಯಲ್ಲೇ ಆದೋನಿಯವರೋ ರಾಯಚೂರಿನವರೋ ತಿಳಿಯುತ್ತದೆ. ನಮಗೆ ಮಾತ್ರ ಇನ್ನೊಂದು ತೊಡಕು. ವಿಡಿಯೋದಲ್ಲಿ ಬೆನ್ನ ಹಿಂದಿನ ಗೋಡೆಯೂ ಕಾಣುತ್ತದೆ. ನಮ್ಮ ಕೇರಿಯ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇರುತ್ತದೆ. ಒಂದು ವಾರ ಚೆನ್ನಾಗಿ ಮಾತಾಡಿದವರು ಆ ಫೋಟೋ ಕಂಡ ದಿನ 'ನೆಟ್‌ವರ್ಕ್ ಇಲ್ಲ' ಅಂತಾರೆ. ಕೆಲವು ಹುಡುಗರು ಗೋಡೆ ಬದಲಿಸಿ ಕೂಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ದಿನವೇ ಆ ಗೋಡೆ ಮುಂದೆ ಕೂಡಿರಿ. ನೆಟ್‌ವರ್ಕ್ ಹೋಗೋದಿದ್ರೆ ಅವತ್ತೇ ಹೋಗಲಿ.

ಮನಸು ಕೂಡಿದ ಮೇಲೆ ಕಾಗದದ ಕೆಲಸ ಇದೆ. ಇಬ್ಬರೂ ಹಿಂದೂ ಅಂತಿದ್ದರೆ, ಜಾತಿ ಬೇರೆಯಾದರೂ, 1955ರ ಹಿಂದೂ ವಿವಾಹ ಕಾಯ್ದೆ ಸಾಕು. ಬೌದ್ಧರೂ ಅದರೊಳಗೇ ಬರುತ್ತಾರೆ. ಧರ್ಮ ಬೇರೆ ಇದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನದ ನೋಟಿಸು ಕಚೇರಿಯ ಗೋಡೆಗೆ ಹಚ್ಚುತ್ತಾರೆ. ಹುಡುಗಿ ಬಳ್ಳಾರಿಯವಳಾದರೆ ಆ ಜಿಲ್ಲೆಗೂ ಒಂದು ಪ್ರತಿ ಹೋಗುತ್ತದೆ. ಮನೆಯವರು ಕೋಲು ಹಿಡಿದು ಬರೋಕೆ ಅಷ್ಟು ಸಾಕು. ಅಲಹಾಬಾದ್ ಹೈಕೋರ್ಟು 2021ರಲ್ಲಿ ಜೋಡಿ ಕೇಳಿಕೊಂಡರೆ ಮಾತ್ರ ನೋಟಿಸು ಹಚ್ಚಿ ಅಂದಿತು, ಆದರೆ ಅದು ಉತ್ತರ ಪ್ರದೇಶದ ತೀರ್ಪು. ಸುಪ್ರೀಂ ಕೋರ್ಟು ಮಾತ್ರ 2018ರ ಮಾರ್ಚಿಯಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ, ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಸಹಾಯವಾಣಿ ಇರಬೇಕು, ರಕ್ಷಣೆಗೆ ಮನೆ ಕೊಡಬೇಕು ಅಂತ ಹೇಳಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೆಲಂಗಾಣದ ಮಿರ್ಯಾಲಗೂಡದಲ್ಲಿ ಮೇಲ್ಜಾತಿ ಹುಡುಗಿಯನ್ನು ಮದುವೆಯಾದ ನಮ್ಮ ಹುಡುಗನನ್ನು ಆಸ್ಪತ್ರೆಯ ಮುಂದೆಯೇ ಕಡಿದರು. ತೀರ್ಪಿನ ಪ್ರತಿ ಒಂದನ್ನು ಸಂಘದ ಕಚೇರಿಯಲ್ಲಿ ಇಡುವುದು ಒಳ್ಳೆಯದು.

ಗಡಿಯವರಾದ ನಮಗೆ ಇನ್ನೊಂದು ವಿಷಯ ಮುಖ್ಯ. ಸಿರುಗುಪ್ಪದ ನಮ್ಮ ಜಾತಿಯ ಹುಡುಗಿ ಹಾಲಹರವಿಗೆ ಸೊಸೆಯಾಗಿ ಬಂದರೂ, ಆಂಧ್ರದ ಎಸ್‌ಸಿ ಮೀಸಲಾತಿಯಲ್ಲಿ ಉದ್ಯೋಗ ಕೇಳಲು ಬರುವುದಿಲ್ಲ. 1990ರ ಮರ್ರಿ ಚಂದ್ರಶೇಖರ ರಾವ್ ತೀರ್ಪಿನಿಂದ 2018ರ ಬೀರ್ ಸಿಂಗ್ ತೀರ್ಪಿನ ತನಕ ಕೋರ್ಟು ಹೇಳಿದ್ದು ಇದನ್ನೇ: ಪರಿಶಿಷ್ಟ ಜಾತಿಯ ಪಟ್ಟಿ ಆಯಾ ರಾಜ್ಯಕ್ಕೆ ಸೇರಿದ್ದು. 1953ರಲ್ಲಿ ಎಳೆದ ಗೆರೆ ಇವತ್ತು ಸೊಸೆಯ ಕೆಲಸ ತಪ್ಪಿಸುತ್ತದೆ. ಓದಿದ ಹುಡುಗಿಯಾದರೆ ಮದುವೆಗೆ ಮುಂಚೆಯೇ ಆ ವಿಡಿಯೋ ಕಾಲ್‌ನಾಗ ಈ ಮಾತು ಎತ್ತಬೇಕು. ಜಾತಿ ಬಿಟ್ಟು ಮದುವೆಯಾದ ನಮ್ಮ ಹುಡುಗಿಗೆ ತನ್ನ ಹುಟ್ಟಿನ ಜಾತಿ ಪ್ರಮಾಣಪತ್ರ ಉಳಿಯುತ್ತದೆ. ಮೇಲ್ಜಾತಿಯಿಂದ ಬಂದ ಸೊಸೆಗೆ ನಮ್ಮದು ಸಿಗುವುದಿಲ್ಲ.

ಸಹಾಯಧನವೂ ಇದೆ. 2013ರಲ್ಲಿ ಕೇಂದ್ರವು ಡಾ. ಅಂಬೇಡ್ಕರ್ ಹೆಸರಿನ ಯೋಜನೆಯಲ್ಲಿ ಅಂತರ್ಜಾತಿ ಜೋಡಿಗೆ 2.5 ಲಕ್ಷ ರೂಪಾಯಿ ಇಟ್ಟಿತು. ಆಂಧ್ರ ಸರ್ಕಾರ 2022ರ ಕಲ್ಯಾಣಮಸ್ತು ಯೋಜನೆಯಲ್ಲಿ ಎಸ್‌ಸಿ ಹುಡುಗಿಗೆ 1 ಲಕ್ಷ, ಅಂತರ್ಜಾತಿಯಾದರೆ 1.2 ಲಕ್ಷ ಅಂತ ಘೋಷಿಸಿ, ಹುಡುಗ ಹುಡುಗಿ ಇಬ್ಬರೂ ಹತ್ತನೇ ತರಗತಿ ಪಾಸಾಗಿರಬೇಕು ಅಂತ ಷರತ್ತು ಹಾಕಿತು. ಸರ್ಕಾರ ಬದಲಾದಂಗೆ ಯೋಜನೆಯ ಹೆಸರೂ ಮೊತ್ತವೂ ಬದಲಾಗುತ್ತವೆ, ಅದಕ್ಕೆ ಅರ್ಜಿ ಹಾಕೋ ಮುಂಚೆ ಕರ್ನೂಲಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಳ್ಳಿ. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡು, ಆಧಾರ್, ಜಾತಿ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ನಾಲ್ಕನ್ನೂ ಕೈಯಲ್ಲಿ ಹಿಡಕೊಂಡೇ ಬಸ್ ಹತ್ತಿರಿ.