ಜೊಂಡಿನ ಮೂಲೆಯಿಂದ ಕಿತ್ತೂರಿನವರೆಗೆ: ಒಂದು ಅಡ್ಡಹೆಸರಿನ ಚರಿತ್ರೆ

ಕಿತ್ತೂರು ರಾಣಿ ಚೆನ್ನಮ್ಮನ ಪಾಠವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆಲ್ಲ ಥ್ಯಾಕರೆ ಎಂಬ ಹೆಸರು ಪರಿಚಿತವಾದುದೇ. ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಹತನಾದನು. ಆತನ ಮರಣವನ್ನು ನಾವು ಬಲ್ಲೆವು. ಆತನ ಅಡ್ಡಹೆಸರಿನ ಜನನವನ್ನು ವಿಚಾರಿಸಿದವರು ವಿರಳ.

ಅದಕ್ಕಾಗಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತಕ್ಕೆ ಹೋಗಬೇಕು. 866ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಯಾರ್ಕ್ ನಗರವನ್ನು ಗೆದ್ದರು. 876ರಲ್ಲಿ ಭೂಮಿಯನ್ನು ಹಂಚಿಕೊಂಡು ಬೇಸಾಯಕ್ಕೆ ನಿಂತರು. ಕೊಳ್ಳೆ ಹೊಡೆಯಲು ಬಂದವರು ನೇಗಿಲು ಹಿಡಿದಾಗ ಅವರ ನಾರ್ಸ್ ನುಡಿ ಊರು, ಹೊಲ, ಹಳ್ಳಗಳ ಹೆಸರುಗಳಲ್ಲಿ ನೆಲೆಯೂರಿತು. ಆ ನುಡಿಯಲ್ಲಿ ‘ಥಕ್’ ಎಂದರೆ ಮನೆಯ ಮೇಲೆ ಹೊದಿಸುವ ಹುಲ್ಲು ಅಥವಾ ಜೊಂಡು. ‘ವ್ರಾ’ ಎಂದರೆ ಮೂಲೆ. ಇವೆರಡೂ ಕೂಡಿ, ಜೊಂಡು ಬೆಳೆಯುವ ಮೂಲೆಯಲ್ಲಿದ್ದ ಒಂದು ಪುಟ್ಟ ನೆಲೆಗೆ ಥ್ಯಾಕ್ರೆ ಎಂಬ ಹೆಸರಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಅಡ್ಡಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿದು ಬರುವ ವಾಡಿಕೆ ಬೆಳೆದಾಗ, ಊರಿನ ಹೆಸರೇ ಮನೆತನದ ಹೆಸರಾಯಿತು. ‘ಥಕ್’ ಶಬ್ದಕ್ಕೂ, ಮುಚ್ಚು ಎಂಬರ್ಥದ ಸಂಸ್ಕೃತದ ‘ಸ್ಥಗ್’ ಧಾತುವಿಗೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ಮತ.

ಯಾರ್ಕ್‌ಶೈರಿನ ಹ್ಯಾಂಪ್ಸ್‌ಥ್ವೇಟ್ ಗ್ರಾಮದ ಈ ಮನೆತನದಲ್ಲಿ ಜನಿಸಿದ ಥಾಮಸ್ ಥ್ಯಾಕರೆ 18ನೆಯ ಶತಮಾನದಲ್ಲಿ ಪ್ರಸಿದ್ಧ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನು. ಆತನ ಮಗ ಕಂಪನಿಯ ನೌಕರಿಗೆಂದು ಭಾರತಕ್ಕೆ ಬಂದನು. ಮೊಮ್ಮಗನೇ ಕಿತ್ತೂರಿನಲ್ಲಿ ಮಡಿದವನು. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ‘ವ್ಯಾನಿಟಿ ಫೇರ್’ ಕಾದಂಬರಿಯನ್ನು ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಆತನು ತಂದೆಯ ಸಹೋದರ. ಹೀಗೆ ಹುಲ್ಲುಮಾಡಿನ ಹೆಸರೊಂದು ಒಂದೆಡೆ ಸಾಹಿತ್ಯವನ್ನೂ ಇನ್ನೊಂದೆಡೆ ನಮ್ಮ ಸ್ವಾತಂತ್ರ್ಯದ ಇತಿಹಾಸವನ್ನೂ ಸೇರಿತು.

ಆ ಮೂಲ ನೆಲೆ ಇಂದು ಇಲ್ಲ. ಫ್ಯೂಸ್ಟನ್ ಜಲಾಶಯದಲ್ಲಿ ಅದು ಮುಳುಗಿಹೋಗಿದೆ. ನಾರ್ಸ್ ನುಡಿಯನ್ನಾಡುವವರೂ ಅಲ್ಲಿ ಉಳಿದಿಲ್ಲ. ಉಳಿದಿರುವುದು ಹೆಸರು, ಅದೂ ಹಲವು ಕಾಗುಣಿತಗಳಲ್ಲಿ.

ಗಡಿನಾಡಿನ ಕನ್ನಡ ಶಾಲೆಯವರಾದ ನಮಗೆ ಇದು ದೂರದ ಕಥೆಯಲ್ಲ. ನಮ್ಮ ಜನರಲ್ ರಿಜಿಸ್ಟರನ್ನು ತೆರೆದರೆ ಹಿರೇಮಠ, ಹೊಸಮನಿ, ಮೂಲಿಮನಿ ಮೊದಲಾದ ಅಡ್ಡಹೆಸರುಗಳು ಸಾಲುಗಟ್ಟಿ ನಿಂತಿವೆ. ಓಣಿಯ ಮೂಲೆಯ ಮನೆಯವರು ಮೂಲಿಮನಿ. ‘ವ್ರಾ’ ಹೇಳುವುದೂ ಮೂಲೆಯನ್ನೇ. ಬೇರೆ ಭಾಷೆಯ ದಾಖಲೆಯಲ್ಲಿ ಒಂದಕ್ಷರ ಜಾರಿ ‘ಮನಿ’ಯು ‘ಮಣಿ’ಯಾದರೆ, ಹೆಸರಿನೊಳಗಿನ ಮನೆಯೇ ಮಾಯವಾಗುತ್ತದೆ. ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ: ಮಗುವಿನ ಹೆಸರನ್ನು ಬರೆಸುವಾಗ ಅಡ್ಡಹೆಸರಿನ ಅಕ್ಷರಗಳನ್ನು ನಿಂತು ನೋಡಿರಿ, ಅದರ ಅರ್ಥವನ್ನು ಮನೆಯ ಹಿರಿಯರಿಂದ ಮಗುವಿಗೆ ಹೇಳಿಸಿರಿ. ನೂರು ವರ್ಷಗಳಿಂದ ಈ ಹೆಸರುಗಳನ್ನು ಕನ್ನಡದಲ್ಲಿ ಕರೆಯುತ್ತ ಬಂದಿರುವ ಶಾಲೆಗೆ ಅದೇ ನೀವು ಸಲ್ಲಿಸುವ ಕಾಣಿಕೆ.